ನೆಲ ಓದುತ್ತಿದ್ದ ದಫೇದಾರ

ರಾತ್ರಿ ಹನ್ನೊಂದು ದಾಟಿದರೆ ಬಳ್ಳಾರಿಯ ಬ್ರೂಸ್‌ಪೇಟೆ ಬೇರೆಯೇ ಊರು. ಹಗಲೆಲ್ಲ ತಳ್ಳುಬಂಡಿ, ಆಟೊ, ಹಮಾಲರ ಕೂಗಿನ ನಡುವೆ ಕಾಲಿಡಲು ಜಾಗವಿಲ್ಲದ ಬೀದಿಗಳಲ್ಲಿ ಕೊನೆಯ ಶಟರ್ ಇಳಿಯುತ್ತದೆ. ಅಂಗಡಿಯಾತ ಬೀಗವನ್ನು ಎರಡು ಸಲ ಜಗ್ಗಿ ನೋಡಿ, ಹೊಸ್ತಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಹೊರಡುತ್ತಾನೆ. ಹಗಲು ಕುಡಿದ ಬಿಸಿಲನ್ನು ಕೋಟೆಗುಡ್ಡದ ಬಂಡೆ ಆ ಹೊತ್ತಿಗೂ ಊರಿನ ಮೇಲೆ ಉಸಿರುತ್ತಿರುತ್ತದೆ. ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡವರು ಗಾಳಿಗಾಗಿ ಮಗ್ಗುಲು ಬದಲಿಸುತ್ತಾರೆ. ಅಂಥ ಹೊತ್ತಿನಲ್ಲಿ ತೇರುಬೀದಿಯ ಕಡೆಯಿಂದ ಲಾಠಿ ನೆಲಕ್ಕೆ ತಾಕುವ ಸದ್ದು ಬರುತ್ತಿತ್ತು. ನಾಲ್ಕು ಹೆಜ್ಜೆಗೆ ಒಂದು ಸಲ, ಅವಸರವಿಲ್ಲದೆ. ‘ದಫೇದಾರ್ರು ಬಂದ್ರು’ ಎಂದು ಯಾರೋ ಮಲಗಿದಲ್ಲಿಂದಲೇ ಅನ್ನುತ್ತಿದ್ದರು. ಎಚ್ಚರವಿದ್ದವರಿಗೆ ಆಮೇಲೆ ನಿದ್ದೆ ಹತ್ತುತ್ತಿತ್ತು.

ಆ ಲಾಠಿ ಹಿಡಿದವರು ನನ್ನ ಸೋದರಮಾವ. ಹದಿನೇಳು ವರ್ಷ ಸೈನ್ಯದಲ್ಲಿ, ಆಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಪೊಲೀಸ್ ಇಲಾಖೆಯಲ್ಲಿ, ಬಹುಪಾಲು ಗಸ್ತಿನ ಕೆಲಸದಲ್ಲೇ ಕಳೆದವರು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಎಂಬ ಮೂರು ಊರುಗಳ ನಡುವೆ ಅವರ ಬದುಕು ಓಡಾಡಿತು. ಅವರ ಹೆಸರಲ್ಲಿ ಯಾವ ವೃತ್ತವೂ ಇಲ್ಲ, ಪದಕದ ಪೆಟ್ಟಿಗೆಯೂ ಇಲ್ಲ. ಆದರೂ ಅವರು ತೀರಿಕೊಂಡ ದಿನ ಕುರುಗೋಡಿನ ಮನೆ ಮುಂದೆ ನಿಂತ ಜನರಲ್ಲಿ ಬಳ್ಳಾರಿಯ ಕೌಲ್‌ಬಜಾರಿನ ಮೆಕ್ಯಾನಿಕ್ಕುಗಳಿದ್ದರು, ಸಿರುಗುಪ್ಪದ ಕಾಲುವೆ ಕೊನೆಯ ರೈತರಿದ್ದರು, ಹಿಂದೊಮ್ಮೆ ಅವರ ಕೈಯಲ್ಲೇ ಸಿಕ್ಕಿಬಿದ್ದು ಈಗ ಚಹದಂಗಡಿ ಇಟ್ಟುಕೊಂಡಿರುವ ಒಬ್ಬಾತನೂ ಇದ್ದ. ಇಷ್ಟು ಬಗೆಯ ಜನ ಒಬ್ಬ ದಫೇದಾರನಿಗಾಗಿ ಬರಬೇಕಾದರೆ ಆತ ಮಾಡಿದ ಕೆಲಸವೇನು ಎಂಬುದನ್ನು ನಿಧಾನವಾಗಿ ನೋಡಬೇಕು.

ಕುರುಗೋಡು ಬಳ್ಳಾರಿಗೆ ವಾಯವ್ಯದಲ್ಲಿ, ಮುಕ್ಕಾಲು ಗಂಟೆಯ ಬಸ್ ದಾರಿಯಲ್ಲಿದೆ. ಎರೆಭೂಮಿಯ ಸಮತಟ್ಟಿನ ನಡುವೆ ಇದ್ದಕ್ಕಿದ್ದಂತೆ ಕಲ್ಲುಗುಡ್ಡಗಳು ಎದ್ದು ನಿಂತಿವೆ. ಅವುಗಳ ಬುಡದಲ್ಲಿ ಊರು, ಊರಿನಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ದೊಡ್ಡ ಬಸವೇಶ್ವರ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಸಿಂದರು ಆಳಿದ ಈ ಊರು ಬಹುಕಾಲ ಬಳ್ಳಾರಿ ತಾಲ್ಲೂಕಿನ ಹೋಬಳಿಯಾಗಿದ್ದು, 2018ರಲ್ಲಿ ತಾನೇ ತಾಲ್ಲೂಕಾಯಿತು. ಮಾವ ಹುಟ್ಟಿದ ಕಾಲಕ್ಕೆ ಇಲ್ಲಿನ ಹುಡುಗರ ಮುಂದೆ ಇದ್ದ ದಾರಿಗಳು ಕಡಿಮೆ: ಹೊಲ, ಕಲ್ಲು ಒಡೆಯುವುದು, ಬಳ್ಳಾರಿಯ ಹತ್ತಿ ಗಿರಣಿ, ಇಲ್ಲವೇ ಪಟ್ಟಾಳಂ. 1975ರಲ್ಲಿ, ಇನ್ನೂ ಮೀಸೆ ಸರಿಯಾಗಿ ಚಿಗುರದ ವಯಸ್ಸಿನಲ್ಲಿ, ಅವರು ಸೈನ್ಯಕ್ಕೆ ಸೇರಿದರು. ಅವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟು ಬೆಂಗಳೂರು ತಲುಪುವ ಮೊದಲೇ ಖಾಲಿಯಾಗಿತ್ತಂತೆ.

ಹಲಸೂರು ಕೆರೆಯ ಬದಿಯಲ್ಲಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್ ಅವರನ್ನು ಸ್ಯಾಪರ್ ಮಾಡಿತು. 1780ರಲ್ಲಿ ಹುಟ್ಟಿದ ಈ ಪಡೆ ದಕ್ಷಿಣದ ಐದೂ ಸೀಮೆಗಳ ಹುಡುಗರನ್ನು ಒಂದೇ ಬ್ಯಾರಕ್ಕಿನಲ್ಲಿ ಮಲಗಿಸುತ್ತದೆ. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲದಲ್ಲಿ ಹುದುಗಿಸಿದ ಮೈನುಗಳನ್ನು ಹುಡುಕಿ ತೆಗೆಯುವುದು ಇವರ ಕೆಲಸ. 1971ರ ಡಿಸೆಂಬರಿನಲ್ಲಿ ಬಸಂತರ್ ನದಿಯ ಆಚೆ ಮೈನುಗಳ ನಡುವೆ ನಮ್ಮ ಟ್ಯಾಂಕುಗಳಿಗೆ ದಾರಿ ಬಿಡಿಸಿದವರು ಮದ್ರಾಸ್ ಸ್ಯಾಪರ್ಸ್ ಯೋಧರು. ಆ ಕಾಳಗ ಕಂಡು ಬಂದ ಹಿರಿಯರು ಬ್ಯಾರಕ್ಕಿನಲ್ಲಿ ಇನ್ನೂ ಇದ್ದರು, ಅವರ ಮಾತು ಕೇಳುತ್ತ ಮಾವ ಕೆಲಸ ಕಲಿತರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಓಣಿಯ ಗೆಳೆಯರೊಂದಿಗೆ ದಖನಿ ಆಡಿ ಬೆಳೆದವರಿಗೆ ಬ್ಯಾರಕ್ಕಿನಲ್ಲಿ ತಮಿಳು, ಮಲಯಾಳಗಳೂ ಬಂದವು. ಮುಂದೆ ಅವರ ಲಾಠಿಗಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಈ ನಾಲಿಗೆ.

1987ರ ಜುಲೈನಲ್ಲಿ ಭಾರತ–ಶ್ರೀಲಂಕಾ ಒಪ್ಪಂದವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಜಾಫ್ನಾದ ಕಾಳಗ ಶುರುವಾಯಿತು. ಶಾಂತಿಪಾಲನೆಗೆಂದು ಹೋದ ಪಡೆಯಲ್ಲಿ ಮಾವನೂ ಇದ್ದರು. ಅಲ್ಲಿ ದೊಡ್ಡ ಸಾವು ಬರುತ್ತಿದ್ದುದು ರಸ್ತೆಯ ಒಡಲಿನಿಂದ. ತಾಳೆಮರಗಳ ನಡುವಿನ ಡಾಂಬರು ದಾರಿಯ ಕೆಳಗೆ, ಮೋರಿಯ ಬಾಯಲ್ಲಿ ಸಿಡಿಮದ್ದು ಹುದುಗಿಸಿಟ್ಟು ಲಾರಿಗಳನ್ನೇ ಎಬ್ಬಿಸಿ ಒಗೆಯುತ್ತಿದ್ದ ಕಾಲ ಅದು. 1990ರ ಮಾರ್ಚಿನಲ್ಲಿ ಪಡೆ ಹಿಂದಿರುಗುವ ಹೊತ್ತಿಗೆ ನಮ್ಮ ಸಾವಿರಕ್ಕೂ ಹೆಚ್ಚು ಸೈನಿಕರು ಅಲ್ಲಿ ಜೀವ ತೆತ್ತಿದ್ದರು. ಬೆಳಗಿನ ಜಾವ ಬೇರೆಯವರು ಹೊರಡುವ ಮೊದಲು ರಸ್ತೆ ತೆರೆಯುವುದು ಸ್ಯಾಪರ್‌ಗಳ ಪಾಲಿನ ಕೆಲಸ. ಮುಂದೆ ಒಬ್ಬ, ಹಿಂದೆ ಅಂತರ ಬಿಟ್ಟು ಇನ್ನೊಬ್ಬ, ಕಣ್ಣು ನೆಲದ ಮೇಲೆ. ಹೊಸದಾಗಿ ಕೆದಕಿದ ಮಣ್ಣು, ಜಾಗ ಬದಲಿಸಿದ ಕಲ್ಲು, ಅಕಾಲದಲ್ಲಿ ಬಾಡಿದ ಹುಲ್ಲು, ಮಕ್ಕಳು ಆಡದೇ ಇರುವ ಅಂಗಳ ಇವನ್ನೆಲ್ಲ ಓದುತ್ತ ಮೈಲುಗಟ್ಟಲೆ ನಡೆಯಬೇಕು.

ಯುದ್ಧದ ಕತೆ ಹೇಳೆಂದು ನಾವು ಮಕ್ಕಳು ಗಂಟುಬಿದ್ದರೆ ಮಾವ ಗುಂಡಿನ ಸುದ್ದಿಗೇ ಹೋಗುತ್ತಿರಲಿಲ್ಲ. ‘ನಿನ್ನೆ ಹೆಂಗಿತ್ತು ಅಂಬೋದು ನೆನಪಿದ್ದೋನಿಗೆ ಮಾತ್ರ ಇವತ್ತು ಏನು ಬದಲಾಗೈತೆ ಅಂತ ಕಾಣ್ತೈತೆ, ತಮ್ಮಾ. ನಾವು ಉಳಕೊಂಡಿದ್ದು ಹಂಗ’ ಎಂದಷ್ಟೇ ಹೇಳಿ ಎದ್ದುಬಿಡುತ್ತಿದ್ದರು. ಅವರ ಎರಡೂ ನೌಕರಿಗಳ ತಿರುಳು ಆ ಒಂದು ಮಾತಿನಲ್ಲಿತ್ತು.

1992ರಲ್ಲಿ ನಾಯಕ್ ಆಗಿ ಬಿಡುಗಡೆ ಹೊಂದಿ, ರೆಜಿಮೆಂಟಿನ ನಂಬರು ಬರೆದ ಕಪ್ಪು ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡು ಊರಿಗೆ ಬಂದಾಗ ಅವರಿಗೆ ಮೂವತ್ತೈದು. ಸಿಪಾಯಿಗಳ ಬದುಕಿನ ಕಷ್ಟವಿದು: ಬೇರೆಯವರು ನೌಕರಿಯಲ್ಲಿ ಬೇರೂರುವ ವಯಸ್ಸಿಗೆ ಇವರ ಕೈಗೆ ಪಿಂಚಣಿ ಪುಸ್ತಕ ಬಂದಿರುತ್ತದೆ, ಮಕ್ಕಳು ಇನ್ನೂ ಪ್ರಾಥಮಿಕ ಶಾಲೆಯಲ್ಲಿರುತ್ತಾರೆ. ಸರ್ಕಾರಿ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಇರುವ ಮೀಸಲಾತಿ ಮತ್ತು ವಯೋಮಿತಿ ಸಡಿಲಿಕೆ ಇಂಥವರಿಗೆ ಎರಡನೆಯ ಬಾಗಿಲು. ಬ್ಯಾಂಕಿನ ಕಾವಲಿಗೆ ಹೋದವರಿದ್ದಾರೆ, ರೈಲ್ವೆ ಸೇರಿದವರಿದ್ದಾರೆ. ಮುಂದೆ ದಫೇದಾರರಾದ ಮಾವ ಮೊದಲು ಸೇರಿದ್ದು ಪೊಲೀಸ್ ಕಾನ್‌ಸ್ಟೆಬಲ್ ಆಗಿ. ತರಬೇತಿ ಮೈದಾನದಲ್ಲಿ ಇಪ್ಪತ್ತೆರಡರ ಹುಡುಗರ ಸಾಲಿನಲ್ಲಿ ನಿಂತು ಮತ್ತೆ ಮೊದಲಿನಿಂದ ‘ಸಾವಧಾನ್’ ಕಲಿತರು. ಜಾಫ್ನಾ ಕಂಡುಬಂದವರಿಗೆ ಡ್ರಿಲ್ ಕಲಿಸಲು ಉಸ್ತಾದರೇ ಸಂಕೋಚಪಡುತ್ತಿದ್ದರಂತೆ.

ಬಳ್ಳಾರಿ ಸಿಪಾಯಿಗಳನ್ನು ಬಹಳ ಹಿಂದಿನಿಂದ ಬಲ್ಲ ಊರು. ಹನುಮಪ್ಪ ನಾಯಕ ಕಟ್ಟಿಸಿದ ಮೇಲುಕೋಟೆ, ಹೈದರಾಲಿ ಸೇರಿಸಿದ ಕೆಳಕೋಟೆ, 1800ರಲ್ಲಿ ಈ ಸೀಮೆ ಕಂಪನಿಯ ಕೈಸೇರಿದ ಮೇಲೆ ಬೆಳೆದ ದಂಡುಪ್ರದೇಶ, ದಂಡಿಗೆ ಸಾಮಾನು ಒದಗಿಸಲು ಹುಟ್ಟಿಕೊಂಡ ಪೇಟೆಗಳು. ಮೊದಲ ಮಹಾಯುದ್ಧದ ಕಾಲದಲ್ಲಿ ಟರ್ಕಿಯ ಯುದ್ಧ ಕೈದಿಗಳನ್ನು ಇಟ್ಟದ್ದೂ ಇಲ್ಲಿಯೇ. ಈ ಜಿಲ್ಲೆಯ ಹಳೆಯ ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಆಡಳಿತದಲ್ಲಿದ್ದವು. ಪೊಲೀಸು, ಕಂದಾಯ, ಕೋರ್ಟು ಎಲ್ಲವೂ ಆ ಕಡೆಯ ಪದ್ಧತಿಯಲ್ಲಿ ನಡೆಯುತ್ತಿದ್ದವು. ಹಳ್ಳಿಗಳಲ್ಲಿ ರಾತ್ರಿ ದೀಪ ಹಿಡಿದು ಸುತ್ತುತ್ತಿದ್ದವನು ತಳವಾರ. ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರ ಎತ್ತು ಹಗ್ಗ ಕಿತ್ತುಕೊಂಡಿದೆ, ಯಾವ ಅಪರಿಚಿತ ಗುಡಿಕಟ್ಟೆಯಲ್ಲಿ ಮಲಗಿದ್ದಾನೆ ಎಂಬುದೆಲ್ಲ ಅವನ ತಲೆಯಲ್ಲಿ ಇರುತ್ತಿತ್ತು. ಠಾಣೆಯ ಗಸ್ತು ಆ ಹಳೆಯ ಕೆಲಸದ ಮೇಲೆಯೇ ನಿಂತಿದೆ.

ಗಸ್ತಿನ ರಾತ್ರಿ ಹಾಜರಿಯಿಂದ ಶುರು. ರೈಟರ್ ಡ್ಯೂಟಿ ಓದಿ ಹೇಳುತ್ತಾರೆ: ಇಂಥವರಿಗೆ ಇಂಥ ಬೀಟ್. ಲಾಠಿ, ಸೀಟಿ, ಟಾರ್ಚ್ ಎತ್ತಿಕೊಂಡು ಜೋಡಿಯಾಗಿ ಹೊರಡುವುದು. ದಾರಿಯ ಗೊತ್ತಾದ ಜಾಗಗಳಲ್ಲಿ, ಒಂದು ಬ್ಯಾಂಕಿನ ಬಾಗಿಲು, ಒಂದು ಗುಡಿ, ಒಂದು ಮಸೀದಿ, ಒಂದು ಹಿರಿಯರ ಮನೆಯ ಕಾಂಪೌಂಡು, ಬೀಟ್ ಪುಸ್ತಕ ಇಟ್ಟಿರುತ್ತಾರೆ. ಅದರಲ್ಲಿ ಹೊತ್ತು ಬರೆದು ಸಹಿ ಮಾಡಿ ಮುಂದೆ ನಡೆಯಬೇಕು. ನಡುರಾತ್ರಿ ಸಾಹೇಬರು ಜೀಪಿನಲ್ಲಿ ಬಂದು ಆ ಸಹಿ ನೋಡುತ್ತಾರೆ. ಈಗ ಅನೇಕ ಕಡೆ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದರೆ ಹೋದ ಹೊತ್ತು ತಾನಾಗಿ ದಾಖಲಾಗುತ್ತದೆ. 2017ರಲ್ಲಿ ರಾಜ್ಯದಲ್ಲಿ ಬಂದ ಸುಧಾರಿತ ಗಸ್ತು ವ್ಯವಸ್ಥೆ ಒಂದೊಂದು ಬಡಾವಣೆ, ಒಂದೊಂದು ಹಳ್ಳಿಯನ್ನು ಒಬ್ಬೊಬ್ಬ ಸಿಬ್ಬಂದಿಗೆ ವಹಿಸಿತು. ಮಾವ ನಿವೃತ್ತರಾದ ವರ್ಷವದು. ಹೊಸ ಆದೇಶ ಓದಿಸಿಕೊಂಡು ಕೇಳಿ, ‘ಇಷ್ಟು ವರ್ಷ ಮಾಡಿದ್ದು ಇದನ್ನೇ ಅಲ್ಲೇನಪ’ ಎಂದು ಸಂತೋಷಪಟ್ಟಿದ್ದರು.

ಸಹಿ ಹಾಕುವುದು ಕೆಲಸದ ಹೊರಮೈ. ಒಳಗಿನ ಕೆಲಸ ಬೇರೆ. ಯಾವ ಶಟರಿನ ಬೀಗ ಎಡಕ್ಕೆ ಬೀಳುತ್ತದೆ, ಯಾವ ಸಂದಿಯ ಬಲ್ಬು ಮೂರು ದಿನದಿಂದ ಉರಿಯುತ್ತಿಲ್ಲ, ಯಾವ ಮನೆಯ ಮುಂದೆ ಹಾಲಿನ ಪಾಕೀಟು ಬಿಸಿಲೇರಿದರೂ ಹಾಗೇ ಇತ್ತು, ಯಾವ ನಾಯಿ ಇವತ್ತು ಬೊಗಳಲಿಲ್ಲ. ಜಾಫ್ನಾದಲ್ಲಿ ಮಣ್ಣಿನ ಬಣ್ಣ ನೋಡಿ ಕಲಿತ ಕಣ್ಣು ಬಳ್ಳಾರಿಯ ಓಣಿಯಲ್ಲಿ ಇವನ್ನು ನೋಡುತ್ತಿತ್ತು. ಹಾಲಿನ ಪಾಕೀಟಿನ ಜಾಡು ಹಿಡಿದು ಬಾಗಿಲು ಬಡಿದು, ಬಚ್ಚಲಲ್ಲಿ ಜಾರಿಬಿದ್ದು ಮೇಲೇಳಲಾಗದೆ ಮಲಗಿದ್ದ ಒಂಟಿ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ್ದರು. ಠಾಣೆಯ ದಾಖಲೆಗೆ ಅದೊಂದು ಸಾಲು. ಆ ಅಜ್ಜಿ ಮಾತ್ರ ಬದುಕಿರುವವರೆಗೆ ದಸರಾದಲ್ಲಿ ಬನ್ನಿ ಕೊಡಲು ಮೊಮ್ಮಗನನ್ನು ಮಾವನ ಮನೆಗೆ ಕಳಿಸುತ್ತಿದ್ದಳು.

ಕೌಲ್‌ಬಜಾರಿನಲ್ಲಿ ದಖನಿ, ಬ್ರೂಸ್‌ಪೇಟೆಯಲ್ಲಿ ಕನ್ನಡ, ಆಂಧ್ರದ ಕಡೆಯಿಂದ ಬಂದ ವ್ಯಾಪಾರಿಗಳೊಂದಿಗೆ ತೆಲುಗು. ಯಾರ ಭಾಷೆಯಲ್ಲಿ ಜಗಳ ಹುಟ್ಟಿತೋ ಅದೇ ಭಾಷೆಯಲ್ಲಿ ಅದನ್ನು ತಣ್ಣಗೆ ಮಾಡುತ್ತಿದ್ದರು. ಹಿರಿಯರಿಗೆ ‘ತಾತಾ’, ಹೆಂಗಸರಿಗೆ ‘ಅಕ್ಕಾ’, ಸಾಬರ ಮನೆಯ ಹಿರಿಯರಿಗೆ ‘ಚಾಚಾ’. ತಪ್ಪು ಮಾಡಿದ ಹುಡುಗನನ್ನು ಅವನ ತಾಯಿಯ ಮುಂದೆ ಎಂದೂ ಹೊಡೆಯಲಿಲ್ಲ. ‘ಅವ್ವನ ಮುಂದ ಮರ್ಯಾದಿ ಹೋದೋನು ಮತ್ತೆ ಯಾರಿಗೂ ಅಂಜಲ್ಲ’ ಎಂಬುದು ಅವರ ಲೆಕ್ಕಾಚಾರ. ಮಟ್ಕಾ ಚೀಟಿ ಬರೆದು ಸಿಕ್ಕಿಬಿದ್ದ ಹುಡುಗರ ಮನೆಗೆ ಮರುದಿನ ಹೋಗಿ, ಈ ತಿಂಗಳ ಅಕ್ಕಿಗೆ ಏನು ಮಾಡುತ್ತೀರೆಂದು ಕೇಳಿ ಬರುತ್ತಿದ್ದರು.

ದೊಡ್ಡ ದಿನಗಳ ಬಂದೋಬಸ್ತೂ ಅವರ ಪಾಲಿಗಿತ್ತು. 1999ರ ಲೋಕಸಭಾ ಚುನಾವಣೆಯಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಇಲ್ಲಿ ಎದುರುಬದುರಾದಾಗ ದೇಶದ ಕ್ಯಾಮೆರಾಗಳೆಲ್ಲ ಬಳ್ಳಾರಿಗೆ ಬಂದಿಳಿದಿದ್ದವು. ನಾವು ಟಿ.ವಿಯಲ್ಲಿ ವೇದಿಕೆ ನೋಡಿದೆವು. ಮಾವ ಇಡೀ ಹೊತ್ತು ವೇದಿಕೆಗೆ ಬೆನ್ನು ಹಾಕಿ ಜನರ ಮುಖ ನೋಡುತ್ತ ನಿಂತಿದ್ದರು. 2010ರಲ್ಲಿ ಗಣಿ ಅಕ್ರಮದ ವಿರುದ್ಧ ಬೆಂಗಳೂರಿನಿಂದ ಹೊರಟ ಪಾದಯಾತ್ರೆ ಬಳ್ಳಾರಿ ತಲುಪಿದಾಗಲೂ ಹಾಗೆಯೇ. ಅದಿರಿನ ಲಾರಿಗಳು ಎಬ್ಬಿಸಿದ ಕೆಂಧೂಳು ಊರಿನ ಬೇವಿನ ಮರಗಳ ಮೇಲೆ ಪದರುಗಟ್ಟಿದ್ದ ವರ್ಷಗಳವು. ಖಾಕಿ ಒಗೆದ ನೀರು ಕೆಂಪಗಿರುತ್ತಿತ್ತೆಂದು ಅತ್ತೆ ಈಗಲೂ ಹೇಳುತ್ತಾರೆ. ಕನಕದುರ್ಗಮ್ಮನ ಸಿಡಿಬಂಡಿಯಾಗಲಿ, ಕುರುಗೋಡಿನ ದೊಡ್ಡ ಬಸವೇಶ್ವರನ ತೇರಾಗಲಿ, ಊರಿಗೆಲ್ಲ ಹಬ್ಬವಾದ ದಿನ ಈ ಮನೆಯಲ್ಲಿ ಮಾತ್ರ ಹೋಳಿಗೆ ಮರುದಿನ. ತೇರಿನ ಗಾಲಿಯ ಹತ್ತಿರ ನುಗ್ಗುವ ಹುಡುಗರನ್ನು ರಟ್ಟೆ ಹಿಡಿದು ಹಿಂದಕ್ಕೆಳೆಯುವುದು ಅವರ ಜಾಗ. ಅವರೂ ಉತ್ತತ್ತಿ ಎಸೆಯುತ್ತಿದ್ದರು, ತೇರು ನೆಲೆಗೆ ನಿಂತ ಮೇಲೆ.

ಸಿರುಗುಪ್ಪದ ವರ್ಷಗಳು ಬೇರೆ ಬಗೆಯವು. ಬಳ್ಳಾರಿಯಿಂದ ಉತ್ತರಕ್ಕೆ ತೆಕ್ಕಲಕೋಟೆಯ ಕಲ್ಲುಗುಡ್ಡಗಳನ್ನು ದಾಟಿದರೆ ನೆಲದ ಬಣ್ಣವೇ ಬದಲಾಗುತ್ತದೆ. ಎತ್ತ ನೋಡಿದರೂ ಭತ್ತ, ಊರ ಅಂಚಿಗೆ ಅಕ್ಕಿ ಗಿರಣಿಗಳ ಹೊಗೆಗೊಳವೆ, ಗಾಳಿಯಲ್ಲಿ ಕುದಿಸಿದ ಭತ್ತದ ವಾಸನೆ. ಇದೆಲ್ಲ ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ಕೊಡುಗೆ. ಜನರ ಬಾಯಲ್ಲಿ ಅದು ಎಲ್‌ಎಲ್‌ಸಿ. ಹೊಸಪೇಟೆಯ ಅಣೆಕಟ್ಟೆಯಿಂದ ಹೊರಟು ನಮ್ಮ ತಾಲ್ಲೂಕುಗಳಿಗೆ ನೀರುಣಿಸಿ ಆಂಧ್ರದ ಕಡೆಗೆ ಹರಿಯುವ ಈ ಕಾಲುವೆಯಲ್ಲಿ ನೀರು ಕಡಿಮೆಯಾದ ವರ್ಷ ದಂಡೆಯೇ ಗಡಿಯಾಗಿಬಿಡುತ್ತದೆ. ಮೇಲ್ಭಾಗದವರು ರಾತ್ರೋರಾತ್ರಿ ಪೈಪು ಇಳಿಬಿಡುತ್ತಾರೆ, ಪಂಪ್‌ಸೆಟ್ ಹಚ್ಚುತ್ತಾರೆ. ಕೊನೆ ಭಾಗದ ರೈತ ತೆನೆ ಹಾಲುಗಟ್ಟುವ ಹೊತ್ತಿಗೆ ಒಣಗಿದ ಗದ್ದೆ ನೋಡುತ್ತ ನಿಲ್ಲುತ್ತಾನೆ. ಆಗ ಜಿಲ್ಲಾಡಳಿತ ಕಾಲುವೆಯುದ್ದಕ್ಕೂ ನಿಷೇಧಾಜ್ಞೆ ಹೊರಡಿಸುತ್ತದೆ, ನೀರಾವರಿ ಇಲಾಖೆಯವರ ಜೊತೆ ಪೊಲೀಸರು ದಂಡೆ ಕಾಯುತ್ತಾರೆ.

ಆ ಕಾವಲು ಕಠಿಣ. ಎದುರಿಗೆ ನಿಂತವನು ಕಳ್ಳನಲ್ಲ, ಸಾಲ ಮಾಡಿ ನಾಟಿ ಮಾಡಿದ ರೈತ. ಕೈಯಲ್ಲಿ ಗುದ್ದಲಿ, ಕಣ್ಣಲ್ಲಿ ನಿದ್ದೆಯಿಲ್ಲ. ಒಂದು ಮಾತು ತಪ್ಪಿದರೆ ಹೆಣ ಬೀಳುವ ಜಾಗ. ಮಾವ ಅಲ್ಲಿ ಟಾರ್ಚನ್ನು ಮುಖಕ್ಕೆ ಬಿಡುತ್ತಿರಲಿಲ್ಲ, ನೆಲಕ್ಕೆ ಹಿಡಿಯುತ್ತಿದ್ದರು. ‘ಗೌಡ್ರ, ಪೈಪ್ ನೀವಾಗೇ ತಕ್ಕೊಳ್ಳಿ, ನಾ ಆ ಕಡೆ ತಿರುಗಿ ನಿಂತಿರ್ತೀನಿ. ಬೆಳಗಿನ ಜಾವ ನಿಮ್ಮ ಪಾಳಿ ಬಂದಾಗ ತೂಬಿನ ಹತ್ರ ನಾನೇ ಇರ್ತೀನಿ, ನಿಮ್ಮ ನೀರು ಯಾರೂ ಮುಟ್ಟಂಗಿಲ್ಲ.’ ಹೇಳಿದಂತೆ ಇರುತ್ತಿದ್ದರು. ಮಾತು ಕೊಟ್ಟ ಹೊತ್ತಿಗೆ ಕೊಟ್ಟ ಜಾಗದಲ್ಲಿ ಇರುವುದು ಸೈನ್ಯ ಅವರಿಗೆ ಕೊಟ್ಟ ಎರಡನೆಯ ಪಾಠ. ನಾಲ್ಕು ಸಲ ಹಾಗಾದ ಮೇಲೆ ಐದನೆಯ ಸಲಕ್ಕೆ ಅವರ ಮಾತೇ ಸಾಕಾಗುತ್ತಿತ್ತು.

2009ರ ಅಕ್ಟೋಬರ್ ಮೊದಲ ವಾರ ಇದೇ ತುಂಗಭದ್ರೆ ಉಕ್ಕಿ ಬಂದಳು. ಕೆಳಗೆ ಮಂತ್ರಾಲಯ, ಕರ್ನೂಲು ಮುಳುಗಿದ ಮಹಾಪೂರ ಅದು. ಸಿರುಗುಪ್ಪ ತಾಲ್ಲೂಕಿನ ನದಿತೀರದ ಹಳ್ಳಿಗಳಿಗೂ ನೀರು ನುಗ್ಗಿತು, ಹಗರಿ ಹೊಳೆಯೂ ತುಂಬಿ ಹರಿಯಿತು. ಸೇತುವೆ ಕಟ್ಟುವುದನ್ನೇ ಕಸುಬಾಗಿ ಕಲಿತವರಿಗೆ ನೀರಿನ ಸೆಳೆತ ಗೊತ್ತಿತ್ತು. ಹಗ್ಗ ಎಲ್ಲಿ ಬಿಗಿಯಬೇಕು, ಹರಿಗೋಲಿನಲ್ಲಿ ಎಷ್ಟು ಜನ ಕೂರಬಹುದು, ಯಾವ ಗೋಡೆ ಇನ್ನೊಂದು ತಾಸಿಗೆ ಕುಸಿಯುತ್ತದೆ ಎಂದು ಅಂಬಿಗರ ಜೊತೆ ನಿಂತು ಹೇಳುತ್ತಿದ್ದರು. ಮನೆ ಬಿಟ್ಟು ಬರಲೊಲ್ಲದ ಮುದುಕರ ಬಳಿ ಮಾವನ ನೆನಪಿನ ಪಟ್ಟಿಯೇ ಕೆಲಸ ಮಾಡಿತು. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂಬುದು ಗಸ್ತಿನಲ್ಲಿ ಹಳ್ಳಿ ಸುತ್ತಿದವರಿಗೆ ಗೊತ್ತಿತ್ತು. ಹರಿಗೋಲುಗಳು ಮೊದಲು ಆ ಬಾಗಿಲುಗಳಿಗೆ ಹೋದವು.

ಸೈನ್ಯದಿಂದ ಬಂದು ಪೊಲೀಸರಾದವರ ಮಾತು ಬಂದಾಗ ದೇಶಕ್ಕೆ ಮೊದಲು ನೆನಪಾಗುವ ಹೆಸರು ತುಕಾರಾಂ ಓಂಬಳೆ. ಸಾತಾರ ಜಿಲ್ಲೆಯ ಹಳ್ಳಿಯವರು, ಸೈನ್ಯದ ಸಿಗ್ನಲ್ಸ್ ದಳದಿಂದ 1991ರಲ್ಲಿ ನಾಯಕ್ ಆಗಿ ನಿವೃತ್ತರಾಗಿ ಮುಂಬಯಿ ಪೊಲೀಸ್ ಸೇರಿದವರು. 2008ರ ನವೆಂಬರ್ 26ರ ರಾತ್ರಿ ಗಿರ್‌ಗಾಂವ್ ಚೌಪಾಟಿಯಲ್ಲಿ ಬರೀ ಲಾಠಿ ಹಿಡಿದಿದ್ದ ಅವರು ಮುಂಬಯಿ ದಾಳಿಯ ಉಗ್ರ ಕಸಬ್‌ನ ಬಂದೂಕಿನ ನಳಿಗೆಯನ್ನು ಕೈಯಲ್ಲಿ ಹಿಡಿದು, ಗುಂಡುಗಳನ್ನು ಮೈಯಲ್ಲಿ ತಾಳಿಕೊಂಡು, ಅವನನ್ನು ಜೀವಂತ ಸೆರೆಹಿಡಿಯುವಂತೆ ಮಾಡಿದರು. 2009ರಲ್ಲಿ ಅವರಿಗೆ ಅಶೋಕ ಚಕ್ರ ಸಂದಿತು. ಆ ಸುದ್ದಿ ಬಂದ ದಿನ ಮಾವ ಪೇಪರಿನ ಚಿತ್ರವನ್ನು ಕತ್ತರಿಸಿ ಟ್ರಂಕಿನ ಮುಚ್ಚಳದ ಒಳಬದಿಗೆ ಅಂಟಿಸಿದರು. ಪ್ರತಿ ವರ್ಷ ಅಕ್ಟೋಬರ್ 21ರಂದು, 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನಾ ಪಡೆಯ ದಾಳಿಗೆ ಬಲಿಯಾದ ಹತ್ತು ಪೊಲೀಸರ ನೆನಪಿಗೆ ಜಿಲ್ಲೆ ಜಿಲ್ಲೆಗಳಲ್ಲಿ ಹುತಾತ್ಮರ ದಿನ ನಡೆಯುತ್ತದೆ. ನಿವೃತ್ತರಾದ ಮೇಲೂ ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಳ್ಳಾರಿಯ ಪೊಲೀಸ್ ಮೈದಾನಕ್ಕೆ ಹೋಗಿ, ಆ ವರ್ಷ ಮಡಿದವರ ಹೆಸರು ಓದಿ ಮುಗಿಯುವವರೆಗೆ ನೆಟ್ಟಗೆ ನಿಂತು ಬರುತ್ತಿದ್ದರು.

ಮಡಿದವರ ಹೆಸರು ಓದುವುದು ನಾಡು ಸಲ್ಲಿಸಲೇಬೇಕಾದ ಋಣ. ಅದರ ಜೊತೆಗೆ ಇನ್ನೊಂದು ಋಣವಿದೆ ಎಂಬುದು ಮಾವನ ಬದುಕನ್ನು ಹತ್ತಿರದಿಂದ ನೋಡಿದ ನನ್ನ ನಂಬಿಕೆ. ಏನೂ ಆಗದ ರಾತ್ರಿಗಳಿಗಾಗಿ ನಡೆದವರ ಋಣ ಅದು. ಕಳವಾದರೆ ಎಫ್‌ಐಆರ್ ಇದೆ, ಕೊಲೆಯಾದರೆ ಕಡತವಿದೆ. ಕಳವಾಗದೆ ಉಳಿದ ಅಂಗಡಿಗೆ, ಕಾಲುವೆ ದಂಡೆಯ ಮೇಲೆ ಎತ್ತಿದ ಗುದ್ದಲಿ ಕೆಳಗಿಳಿದದ್ದಕ್ಕೆ ಯಾವ ಕಡತವೂ ಇಲ್ಲ. ಮೂವತ್ತೊಂಬತ್ತು–ನಲವತ್ತು ವರ್ಷ ಸಮವಸ್ತ್ರ ತೊಟ್ಟ ಮನುಷ್ಯನ ದುಡಿಮೆಯ ದೊಡ್ಡ ಪಾಲು ಹೀಗೆ ಲೆಕ್ಕಕ್ಕೇ ಸಿಗದೆ ಹೋಗುತ್ತದೆ.

ಅದನ್ನು ಲೆಕ್ಕಕ್ಕೆ ತರುವ ದಾರಿಯೊಂದನ್ನು ಅವರೇ ತೋರಿಸಿದ್ದರು. ನಿವೃತ್ತರಾದ ಮೇಲೆ ಕುರುಗೋಡಿನ ಮನೆಯ ಜಗಲಿಯಲ್ಲಿ ಕೂತಿರುತ್ತಿದ್ದ ಅವರ ಬಳಿಗೆ ಹೊಸದಾಗಿ ಬೀಟ್ ಸಿಕ್ಕ ಹುಡುಗರು ಬರುತ್ತಿದ್ದರು. ಅತ್ತೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಡುತ್ತಿದ್ದರು. ಮಾವ ಓಣಿ ಓಣಿಯಾಗಿ ಹೇಳುತ್ತ ಹೋಗುತ್ತಿದ್ದರು: ಇಲ್ಲಿ ಎರಡು ಮನೆತನಕ್ಕೆ ಮಾತಿಲ್ಲ, ಕಾರಣ ಬಾವಿ, ಈ ಮನೆಯ ಹುಡುಗ ಜೈಲಿನಿಂದ ಬಂದಿದ್ದಾನೆ, ಕೆಲಸ ಸಿಕ್ಕರೆ ಸರಿಹೋಗುತ್ತಾನೆ, ಕಣ್ಣಿಡು, ಕಾಡಬೇಡ, ಈ ಅಜ್ಜನಿಗೆ ಕಿವಿ ಕೇಳಿಸುವುದಿಲ್ಲ, ಬಾಗಿಲು ಬಡಿಯಬೇಡ, ಕಿಟಕಿಯಲ್ಲಿ ಬೆಳಕು ಬಿಡು. ಹುಡುಗರು ಡೈರಿ ತೆಗೆದು ಬರೆದುಕೊಳ್ಳುತ್ತಿದ್ದರು.

ನಮ್ಮ ಊರುಗಳಲ್ಲಿ ಇಂಥ ನಿವೃತ್ತ ದಫೇದಾರರು, ಎಎಸ್‌ಐಗಳು ಇನ್ನೂ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿ ಹಿಮದಲ್ಲಿ, ಮರಳಿನಲ್ಲಿ ಕಾವಲು ಕಾದು ಬಂದವರು. ಸನ್ಮಾನದ ಶಾಲಿಗೆ ಮೊದಲು ಅವರ ಎದುರು ಒಬ್ಬ ಹೊಸ ಪೇದೆಯನ್ನು ಕೂರಿಸಿ, ಅವರು ಬಲ್ಲದ್ದನ್ನು ಬರೆಸಿಕೊಳ್ಳಬೇಕು. ಠಾಣೆಗಳು ಇದನ್ನು ಮಾಡಲಿ, ಮನೆಯ ಮಕ್ಕಳು ಮಾಡಲಿ, ಮಾಜಿ ಸೈನಿಕರ ಸಂಘಗಳು ಮಾಡಲಿ. ಒಂದು ಊರನ್ನು ಅದರ ದುಃಖ, ಸಿಟ್ಟು, ಸಣ್ಣತನ, ಔದಾರ್ಯಗಳ ಸಮೇತ ತಿಳಿದುಕೊಳ್ಳಲು ಒಬ್ಬ ಮನುಷ್ಯ ಇಡೀ ಆಯುಷ್ಯ ಸವೆಸಿರುತ್ತಾನೆ. ಆ ತಿಳಿವಳಿಕೆ ಅವನ ನಂತರ ಅದೇ ಬೀದಿಯಲ್ಲಿ ನಡೆಯುವವನ ಕೈಗೆ ಸಿಗಬೇಕು. ನನ್ನ ಮಾವನಂಥವರಿಗೆ ನಾವು ಸಲ್ಲಿಸಬಹುದಾದ ಗೌರವಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ತಿಳಿದಿಲ್ಲ.